ಪ್ರೋಷಿತರ ಊರು: ಸಾಫಿ ಫಾಯ್ ಅವರ ಚಲಚ್ಚಿತ್ರಗಳ ವಿಮರ್ಶೆ

ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದ ಚಲಚ್ಚಿತ್ರಕರ್ತ್ರಿಯಾದ ಸಾಫಿ ಫಾಯ್ ಅವರು 2023ನೆಯ ಇಸವಿ ಫೆಬ್ರವರಿ 22ನೆಯ ತಾರೀಖು ಪ್ಯಾರಿಸ್ ನಗರದಲ್ಲಿ ಕಾಲಾಧೀನರಾದರು. ಆಗ ಅವರಿಗೆ 79 ವರ್ಷ ತುಂಬಿದ್ದಿತು. ಅವರನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ವಿಶೇಷಣಗಳನ್ನು ಪ್ರಯೋಗಿಸುವುದುಂಟು. ಸಹರಾ ಮರುಭೂಮಿಗೆ ದಕ್ಷಿಣದ ಆಫ್ರಿಕದಲ್ಲಿ ಚಲಚ್ಚಿತ್ರವನ್ನು ನಿರ್ಮಿಸಿದ ಪ್ರಥಮ ಮಹಿಳೆ ಎಂಬುದು ಒಂದು. ಜನಾಂಗಶಾಸ್ತ್ರಜ್ಞೆಯಾದ ಚಿತ್ರಕರ್ತ್ರಿ ಎಂಬುದು ಮತ್ತೊಂದು. ಎರಡೂ ಗೌರವದ ಮಾತುಗಳೇ ಹೊರತು ನಿಂದೆಯಲ್ಲ. ಆದರೆ ಒಂದು ಕೃತಿಯು ಎಷ್ಟನೆಯದು ಎಂಬ ಪ್ರಶ್ನೆ ಬೇರೆ, ಎಂಥದು ಎಂಬ ಪ್ರಶ್ನೆ ಬೇರೆ. ಮೊದಲನೆಯ ವಿಶೇಷಣವು ಅವರ ಕೃತಿಗಳನ್ನು ಚರಿತ್ರೆಯ ಪಟ್ಟಿಯಲ್ಲಿ ಸೇರಿಸಿ ಸುಮ್ಮನಾಗುತ್ತದೆ; ಎರಡನೆಯದು ಅವನ್ನು ಶಾಸ್ತ್ರದ ಉಗ್ರಾಣಕ್ಕೆ ಒಯ್ದು ಬೀಗವಿಕ್ಕುತ್ತದೆ. ಅವು ದೃಶ್ಯಕಾವ್ಯಗಳು ಹೌದೇ, ಹೌದಾದರೆ ಅವುಗಳ ಜೀವವು ಎಲ್ಲಿರುವುದು ಎಂಬ ವಿಚಾರವು ಬಹುಮಟ್ಟಿಗೆ ಹಿಂದೆ ಬೀಳುತ್ತದೆ. ಅದನ್ನು ಯಥಾಮತಿ ಪರ್ಯಾಲೋಚಿಸುವುದೇ ಈ ಲೇಖನದ ಉದ್ದೇಶ.

ಪ್ರಾಥಮ್ಯದ ಮಾತನ್ನು ಮೊದಲು ಮುಗಿಸಿಬಿಡೋಣ. ಕ್ಯಾಮರೂನ್ ದೇಶದ ತೆರೆಜ್ ಸೀತಾ ಬೆಲ್ಲಾ ಎಂಬುವರು 1963ರಲ್ಲಿಯೇ, ಪ್ಯಾರಿಸ್ಸಿಗೆ ಬಂದಿದ್ದ ತಮ್ಮ ದೇಶದ ನೃತ್ಯಮೇಳವನ್ನು ಕುರಿತು ಚಿಕ್ಕ ಚಿತ್ರವೊಂದನ್ನು ಮಾಡಿದ್ದರು. ಅಂಗೋಲದ ಸ್ವಾತಂತ್ರ್ಯಹೋರಾಟವನ್ನು ವಸ್ತುವಾಗಿ ಉಳ್ಳ ‘ಸಾಂಬಿಜಾಂಗ’ ಎಂಬ ದೊಡ್ಡ ಚಿತ್ರವನ್ನು ಸಾರಾ ಮಾಲ್ಡೊರೋರ್ ಅವರು 1972ರಲ್ಲಿ ರಚಿಸಿದರು; ಆದರೆ ಅವರು ಹುಟ್ಟಿದುದು ಫ್ರಾನ್ಸಿನಲ್ಲಿ, ತಂದೆಯ ಕಡೆಯಿಂದ ಗ್ವಾಡಲೂಪ್ ದ್ವೀಪದವರು. ಹೀಗಾಗಿ ಫಾಯ್ ಅವರಿಗೆ ಸಲ್ಲತಕ್ಕ ಪ್ರಾಥಮ್ಯವು ಇಷ್ಟು: ಸಹರಾದ ದಕ್ಷಿಣಕ್ಕಿರುವ ಆಫ್ರಿಕದಲ್ಲಿ ಜನಿಸಿದ ಸ್ತ್ರೀಯೊಬ್ಬಳು ರಚಿಸಿದ, ವಾಣಿಜ್ಯರೀತಿಯಿಂದ ಚಿತ್ರಮಂದಿರಗಳಿಗೆ ವಿತರಣೆಯಾದ ಪೂರ್ಣಪ್ರಮಾಣದ ಚಿತ್ರಗಳಲ್ಲಿ 1975ರ ‘ಕದ್ದು ಬೇಯ್ಕತ್’ ಮೊದಲನೆಯದು. ಇಷ್ಟು ವಿಶೇಷಣಗಳನ್ನು ಸೇರಿಸದೆ ‘ಮೊದಲಿಗರು’ ಎಂದು ಕೂಗುವುದು ಉಳಿದಿಬ್ಬರಿಗೆ ಅನ್ಯಾಯ. ಫಾಯ್ ಅವರಿಗೂ ಅದರಿಂದ ಲಾಭವಿಲ್ಲ; ಮೊದಲು ಹುಟ್ಟಿದ ಮಾತ್ರದಿಂದ ಯಾವ ಕೃತಿಯೂ ಬದುಕಿ ಉಳಿಯುವುದಿಲ್ಲ.

ಇವರ ಜನನವು 1943ರ ನವೆಂಬರ್ 22ರಂದು ಡಾಕರ್ ನಗರದಲ್ಲಿ. ವಂಶವು ಸೆರೆರ್ ಜನರದು. ಪೂರ್ವಿಕರ ಊರು ಡಾಕರಿನ ದಕ್ಷಿಣಕ್ಕಿರುವ ಫಾದ್ಯಾಲ್ ಎಂಬ ಗ್ರಾಮ. ರುಫಿಸ್ಕ್ ಎಂಬಲ್ಲಿಯ ಉಪಾಧ್ಯಾಯರ ಶಾಲೆಯಲ್ಲಿ ಶಿಕ್ಷಣವನ್ನು ಪಡೆದು ಡಾಕರಿನಲ್ಲಿ ಕೆಲವು ಕಾಲ ಮಕ್ಕಳಿಗೆ ಪಾಠ ಹೇಳುತ್ತಿದ್ದರು. 1966ರಲ್ಲಿ ಅದೇ ನಗರದಲ್ಲಿ ನಡೆದ ನೀಗ್ರೋ ಕಲೆಗಳ ವಿಶ್ವಮಹೋತ್ಸವದಲ್ಲಿ ಫ್ರಾನ್ಸಿನ ಜನಾಂಗಶಾಸ್ತ್ರಜ್ಞರೂ ಚಿತ್ರಕಾರರೂ ಆದ ಜಾನ್ ರೂಶ್ ಅವರ ಪರಿಚಯವಾಯಿತು. ರೂಶ್ ಅವರ ‘ಪೆತಿ ಆ ಪೆತಿ’ ಎಂಬ ಚಿತ್ರದಲ್ಲಿ ಇವರು ಪಾತ್ರವಹಿಸಿದರು. ಆ ಚಿತ್ರವು ತಮಗೆ ಮೆಚ್ಚಿಕೆಯಾಗಲಿಲ್ಲವೆಂದು ಮುಂದೆ ಹೇಳಿದರಾದರೂ ಚಿತ್ರಗ್ರಹಣದ ಮರ್ಮವನ್ನು ಅಲ್ಲಿಯೇ ಕಲಿತುದಾಗಿ ಒಪ್ಪಿಕೊಂಡರು. ಅನಂತರ ಪ್ಯಾರಿಸ್ಸಿನಲ್ಲಿ ಒಂದು ಕಡೆ ಜನಾಂಗಶಾಸ್ತ್ರ, ಮತ್ತೊಂದು ಕಡೆ ಲೂಯಿ ಲುಮಿಯೇರ್ ಚಲಚ್ಚಿತ್ರ ವಿದ್ಯಾಶಾಲೆ, ಹೀಗೆ ಎರಡು ಗುರುಕುಲಗಳ ವಾಸ. 1979ರಲ್ಲಿ ಪ್ಯಾರಿಸ್ ವಿಶ್ವವಿದ್ಯಾನಿಲಯದಿಂದ ಜನಾಂಗಶಾಸ್ತ್ರದಲ್ಲಿ ಡಾಕ್ಟರ್ ಪದವಿಯು ಲಭಿಸಿತು.

ಇವರ ಮೊದಲ ಕೃತಿ, 1972ರ ‘ಲಾ ಪಾಸಾಂತ್’, ಸುಮಾರು ಹತ್ತು ನಿಮಿಷಗಳದು. ಬೋದಿಲೇರ್ ಕವಿಯ ಪದ್ಯವೊಂದರಿಂದ ಹೆಸರನ್ನು ಪಡೆದಿದೆ. ಪ್ಯಾರಿಸ್ಸಿನ ಬೀದಿಯಲ್ಲಿ ಆಫ್ರಿಕದ ಯುವತಿಯೊಬ್ಬಳು ನಡೆದುಹೋಗುತ್ತಾಳೆ. ಒಬ್ಬ ಫ್ರೆಂಚನೂ ಒಬ್ಬ ಆಫ್ರಿಕದವನೂ ಅವಳನ್ನು ನೋಡುತ್ತ ತಮ್ಮ ತಮ್ಮ ಕಲ್ಪನೆಗಳನ್ನು ಹೆಣೆಯುತ್ತಾರೆ. ಆ ಯುವತಿಯ ಪಾತ್ರವು ಫಾಯ್ ಅವರದೇ. ವಿದ್ಯಾರ್ಥಿದೆಶೆಯ ಕೃತಿಯಾದ್ದರಿಂದ ಇದರಲ್ಲಿ ಪ್ರೌಢಿಯನ್ನು ಹುಡುಕುವುದು ಸಲ್ಲದು. ಆದರೂ ಊರನ್ನು ಬಿಟ್ಟು ಬಂದವಳೊಬ್ಬಳು ಪರರ ಕಣ್ಣಿಗೆ ವಸ್ತುವಾಗಿ ನಡೆಯುವ ಈ ನಡಿಗೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ವಾಚಕರನ್ನು ಪ್ರಾರ್ಥಿಸುತ್ತೇವೆ.

ಇನ್ನು ಜನಾಂಗಶಾಸ್ತ್ರದ ಆಕ್ಷೇಪಕ್ಕೆ ಬರೋಣ. ಪೂರ್ವಪಕ್ಷವು ಹೀಗಿದೆ. ಕಾವ್ಯಕ್ಕೆ ಕಲ್ಪನೆಯು ಬೇಕು, ನಾಯಕನು ಬೇಕು, ರಸವು ಬೇಕು. ಈ ಚಿತ್ರಗಳಲ್ಲಾದರೋ ರೈತರು ಬಿತ್ತುವುದು, ಹೆಂಗಸರು ಒನಕೆಯಿಂದ ಧಾನ್ಯವನ್ನು ಕುಟ್ಟುವುದು, ಮುದುಕರು ಮರದಡಿಯಲ್ಲಿ ಕುಳಿತು ಮಾತಾಡುವುದು ಮುಂತಾದವುಗಳೇ ಕಾಣಬರುವುವು. ಪಾತ್ರಧಾರಿಗಳೆಲ್ಲರೂ ಆ ಊರಿನ ಜನರೇ. ಆದಕಾರಣ ಇವು ಲೋಕವೃತ್ತದ ದಾಖಲೆಗಳೇ ಹೊರತು ಕಾವ್ಯಗಳಲ್ಲ. ಈ ಪಕ್ಷವು ಸುಲಭವಾಗಿ ತಳ್ಳಿಹಾಕತಕ್ಕುದಲ್ಲ. ಏಕೆಂದರೆ ಪರದೇಶದವರು ಆಫ್ರಿಕದ ಹಳ್ಳಿಗಳಿಗೆ ಹೋಗಿ ತೆಗೆದ ಚಿತ್ರಗಳ ವಿಷಯದಲ್ಲಿ ಅಲ್ಲಿಯವರಿಗೇ ರೋಷವಿದ್ದಿತು. ಸೆನೆಗಲ್ಲಿನ ಪ್ರಖ್ಯಾತ ಕಥೆಗಾರರೂ ಚಿತ್ರಕಾರರೂ ಆದ ಉಸ್ಮಾನ್ ಸೆಂಬೆನ್ ಅವರು 1965ರಲ್ಲಿ ರೂಶ್ ಅವರಿಗೆ ಎದುರಿನಲ್ಲಿಯೇ, ನೀವು ನಮ್ಮನ್ನು ಕೀಟಗಳನ್ನು ನೋಡುವಂತೆ ನೋಡುತ್ತೀರೆಂದು ಹೇಳಿದುದು ಪ್ರಸಿದ್ಧವಾಗಿದೆ. ಅಂಥ ಗುರುವಿನ ಬಳಿ ವಿದ್ಯೆಯನ್ನು ಕಲಿತ ಶಿಷ್ಯೆಯು ತನ್ನ ಅಜ್ಜನ ಊರಿಗೇ ಯಂತ್ರವನ್ನು ಹೊತ್ತುಕೊಂಡು ಹೋದಾಗ, ನೋಡುವ ಕಣ್ಣು ಯಾರದು ಎಂಬ ಪ್ರಶ್ನೆಯು ಏಳದೆ ಇರದು.

ಫಾಯ್ ಅವರಂತೂ ಕಥಾಚಿತ್ರ, ವಾಸ್ತವಚಿತ್ರ ಎಂಬ ವಿಭಾಗವನ್ನೇ ಒಪ್ಪುತ್ತಿರಲಿಲ್ಲ. ಕರ್ತೃವಿನ ಮಾತು ಪ್ರಮಾಣವಾಗಲಾರದು, ಕೃತಿಯೇ ಪ್ರಮಾಣ. ಆದುದರಿಂದ ‘ಕದ್ದು ಬೇಯ್ಕತ್’ ಚಿತ್ರವನ್ನೇ ನೋಡಬೇಕು.

ಕನ್ನಡದ ಕಿವಿಗೆ ಬೇರೊಂದು ಅರ್ಥವನ್ನು ತೋರಿ ನಗು ಬರಿಸುವ ಈ ಹೆಸರಿಗೆ ವೊಲೊಫ್ ಭಾಷೆಯಲ್ಲಿ ‘ರೈತನ ಮಾತು’ ಎಂದರ್ಥ. ಫ್ರೆಂಚ್ ಭಾಷೆಯಲ್ಲಿ ಕೊಟ್ಟ ಹೆಸರು ಮಾತ್ರ ‘ರೈತನ ಪತ್ರ’. ಒಂದೇ ಕೃತಿಯು ಒಂದು ಭಾಷೆಯಲ್ಲಿ ಮಾತು, ಮತ್ತೊಂದರಲ್ಲಿ ಪತ್ರ. ಇದು ಅನುವಾದದ ಸಡಿಲವಲ್ಲವೆಂದು ನಾವು ಭಾವಿಸುತ್ತೇವೆ. ಎದುರಿಗಿರುವವರಿಗೆ ಮಾತು, ದೂರದಲ್ಲಿರುವವರಿಗೆ ಪತ್ರ. ಊರಿನವರ ಪಾಲಿಗೆ ಈ ಚಿತ್ರವು ಮರದಡಿಯ ಮಾತು. ಪರಸ್ಥಳದವರ ಪಾಲಿಗೆ ಓಲೆ. ಚಿತ್ರದ ಉದ್ದಕ್ಕೂ ಫಾಯ್ ಅವರೇ ತಮ್ಮ ಕಂಠದಿಂದ ಫ್ರೆಂಚಿನಲ್ಲಿ ಈ ಓಲೆಯನ್ನು ಓದುತ್ತಾರೆ. ಕೊನೆಯಲ್ಲಿ, ಪತ್ರವು ಮಾತ್ರ ತನ್ನದು, ಮಿಕ್ಕುದೆಲ್ಲವೂ ರೈತರಾದ ತನ್ನ ಹಿರಿಯರದು ಎಂಬ ಅಭಿಪ್ರಾಯವನ್ನು ಸೂಚಿಸಿ ಅವರಿಗೆ ಕೃತಜ್ಞತೆಯನ್ನು ಅರ್ಪಿಸುತ್ತಾರೆ.

ಕಥೆಯು ಬಲು ಸಣ್ಣದು. ಙ್ಗೋರ್ ಎಂಬ ತರುಣನು ಕುಂಬಾ ಎಂಬ ಕನ್ಯೆಯನ್ನು ಮದುವೆಯಾಗಬೇಕೆಂದಿದ್ದಾನೆ. ಮಳೆಯಿಲ್ಲದೆ ನೆಲಗಡಲೆಯ ಬೆಳೆ ಕೆಟ್ಟಿದೆ. ಆದ್ದರಿಂದ ಕನ್ಯಾಶುಲ್ಕಕ್ಕೆ ಹಣವಿಲ್ಲ. ಹಣವನ್ನು ಸಂಪಾದಿಸುವುದಕ್ಕಾಗಿ ಡಾಕರಿಗೆ ಹೋಗುತ್ತಾನೆ, ಅಲ್ಲಿ ಸಣ್ಣಪುಟ್ಟ ಚಾಕರಿಗಳಲ್ಲಿ ಸವೆದು ವಂಚಿತನಾಗುತ್ತಾನೆ, ಊರಿಗೆ ಹಿಂದಿರುಗುತ್ತಾನೆ, ಕಂಡುದನ್ನು ಊರಿನವರಿಗೆ ಹೇಳುತ್ತಾನೆ. ಇಷ್ಟೇ. ಇದನ್ನು ಒಂದು ಪುಟದಲ್ಲಿ ಬರೆಯಬಹುದು. ಚಿತ್ರವಾದರೋ ಒಂದೂವರೆ ಗಂಟೆಯಷ್ಟು ಇದೆ. ಉಳಿದ ಕಾಲವೆಲ್ಲ ಏನಾಯಿತು? ಊರಿನ ಕೆಲಸಕ್ಕೆ ಸಂದಿತು. ಉಳುಮೆ, ಬಿತ್ತನೆ, ನೀರು ಸೇದುವುದು, ಕುಟ್ಟುವುದು, ಬೇಯಿಸುವುದು, ಸಂಜೆಯಲ್ಲಿ ಗಂಡಸರ ಗೋಷ್ಠಿ. ಯಂತ್ರವು ಅವಸರಪಡದೆ ಒಂದೆಡೆ ನಿಂತು ನೋಡುತ್ತದೆ. ಮುದುಕರು ಒಂದು ಮಾತನ್ನಾಡಿ ಸುಮ್ಮನಾದರೆ ಚಿತ್ರವೂ ಸುಮ್ಮನಾಗುತ್ತದೆ. ನಾವು ಸೆರೆರ್, ವೊಲೊಫ್ ಭಾಷೆಗಳನ್ನು ಅರಿಯದೆ ಅಡಿಬರಹಗಳನ್ನು ನಂಬಿದವರು. ಆದರೂ ಆ ಮೌನದ ಅಳತೆಯನ್ನು ತಿಳಿಯಲು ಯಾವ ಅಡಿಬರಹವೂ ಬೇಕಾಗಲಿಲ್ಲ.

ಮರದಡಿಯ ಗೋಷ್ಠಿಯ ವಿಷಯವೇ ಈ ಕೃತಿಯ ಬೆನ್ನೆಲುಬು. ನೆಲಗಡಲೆಯು ಸೆನೆಗಲ್ಲಿಗೆ ಸ್ವದೇಶದ ಬೆಳೆಯಲ್ಲ. ಮೂಲತಃ ದಕ್ಷಿಣ ಅಮೆರಿಕದ್ದು. 19ನೆಯ ಶತಮಾನದ ಮಧ್ಯಭಾಗದಿಂದ ಫ್ರೆಂಚರು ತಮ್ಮ ಎಣ್ಣೆ, ಸಾಬೂನುಗಳ ಕಾರ್ಖಾನೆಗಳಿಗಾಗಿ ಇದನ್ನು ಅಲ್ಲಿ ಹಬ್ಬಿಸಿದರು. ಸಜ್ಜೆಯನ್ನು ಬೆಳೆದು ಉಣ್ಣುತ್ತಿದ್ದ ಜನರು ನೆಲಗಡಲೆಯನ್ನು ಬೆಳೆದು ಮಾರಿ, ಆ ಹಣದಿಂದ ಪರದೇಶದ ಅಕ್ಕಿಯನ್ನು ಕೊಂಡುಣ್ಣುವ ಸ್ಥಿತಿಗೆ ಬಂದರು. 1960ರಲ್ಲಿ ದೇಶವು ಸ್ವತಂತ್ರವಾಯಿತು, ಬೆಳೆಯು ಮಾತ್ರ ಬದಲಾಗಲಿಲ್ಲ. ಬಿತ್ತನೆಯ ಬೀಜವನ್ನು ಸಾಲವಾಗಿ ಕೊಡುವುದೂ ಬೆಳೆಯನ್ನು ಕೊಳ್ಳುವುದೂ ಸರ್ಕಾರದ ಸಂಸ್ಥೆಯ ಕೈಗೆ ಬಂದುವು. 1960ರ ದಶಕದ ಕೊನೆಯಿಂದ ಮಳೆ ತಪ್ಪುತ್ತ ಬಂದು, 1972–73ರ ಹೊತ್ತಿಗೆ ಸಾಹೆಲ್ ಸೀಮೆಯೆಲ್ಲ ಕ್ಷಾಮಕ್ಕೆ ತುತ್ತಾಯಿತು. ಬೆಳೆ ಹೋದರೂ ಸಾಲವು ಹೋಗುವುದಿಲ್ಲವಷ್ಟೆ. ಈ ಸಂಗತಿಗಳನ್ನೆಲ್ಲ ಅರ್ಥಶಾಸ್ತ್ರದ ಪಂಡಿತನೊಬ್ಬನು ಬಂದು ವಿವರಿಸುವುದಿಲ್ಲ. ಅದನ್ನು ಅನುಭವಿಸಿದ ಮುದುಕರೇ, ತಮ್ಮ ಹೊಲದ ಲೆಕ್ಕವನ್ನು ಒಬ್ಬರಿಗೊಬ್ಬರು ಒಪ್ಪಿಸುವವರಂತೆ ಹೇಳುತ್ತಾರೆ. ಇಲ್ಲಿ ನೋಡುವ ಕಣ್ಣು ಒಂದೆಡೆ, ನೋಡಲ್ಪಡುವ ದೇಹ ಮತ್ತೊಂದೆಡೆ ಎಂಬ ವಿಭಾಗವು ನಿಲ್ಲಲಾರದು. ಕೀಟವು ತನ್ನನ್ನು ನೋಡುವ ಗಾಜಿನ ಬೆಲೆಯನ್ನು ಕೇಳಿದ ಹಾಗಾಯಿತು.

ಈಗ ರಸದ ವಿಚಾರ. ಪತಿಯು ಯಾವುದೋ ಕಾರಣದಿಂದ ಪರದೇಶಕ್ಕೆ ಹೋಗಿರಲು ಹಿಂದೆ ಉಳಿದು ಕಾಯುವವಳನ್ನು ಪ್ರೋಷಿತಭರ್ತೃಕೆ ಎಂದು ಭರತಮುನಿಯು ಎಂಟು ಬಗೆಯ ನಾಯಿಕೆಯರಲ್ಲಿ ಎಣಿಸಿರುವನು. ಕುಂಬಾ ಇನ್ನೂ ಕನ್ಯೆಯಾದುದರಿಂದ ಲಕ್ಷಣವು ಅಕ್ಷರಶಃ ಹೊಂದದಿದ್ದರೂ ಅವಸ್ಥೆಯು ಅದೇ. ಪ್ರವಾಸವಿಪ್ರಲಂಭಕ್ಕೆ ಮೂರು ಕಾರಣಗಳನ್ನು ದಶರೂಪಕಕಾರನು ಹೇಳುತ್ತಾನೆ: ಕಾರ್ಯ, ಸಂಭ್ರಮ, ಶಾಪ. ಉದ್ಯೋಗನಿಮಿತ್ತವಾಗಿ ಹೋಗುವುದು ಕಾರ್ಯ. ರಾಜ್ಯಕ್ಷೋಭೆ ಮೊದಲಾದವುಗಳಿಂದ ಚೆದರುವುದು ಸಂಭ್ರಮ. ಮೇಘದೂತದ ಯಕ್ಷನು ಅಗಲಿದುದು ಶಾಪದಿಂದ. ಙ್ಗೋರನ ಪ್ರವಾಸವು ಯಾವುದರಲ್ಲಿ ಸೇರತಕ್ಕದ್ದು? ಹಣಕ್ಕಾಗಿ ಹೋದನಾದುದರಿಂದ ಕಾರ್ಯವೆನ್ನಬಹುದು. ಆದರೆ ಕಾರ್ಯಕ್ಕೆ ಹೋಗುವವನು ತನ್ನ ಇಚ್ಛೆಯಿಂದ ಹೋಗುತ್ತಾನೆ, ಫಲವನ್ನು ತರುತ್ತಾನೆ. ಇವನು ಬರಿಗೈಯಲ್ಲಿ ಬಂದನು. ಇವನ ಊರಿನಲ್ಲಿ ಹೀಗೆಯೇ ಹೋಗಬೇಕಾದವರು ಅನೇಕರು. ತಾವು ಮಾಡದ ತಪ್ಪಿಗೆ, ತಾವು ಕಾಣದ ಯಾರದೋ ಮಾತಿನಿಂದ ಊರಿಗೆ ಊರೇ ಅಗಲಿಕೆಗೆ ಗುರಿಯಾಗಿದೆ. ಇದು ಶಾಪಕ್ಕೆ ಸಮೀಪವಾದುದು; ಶಪಿಸಿದವನು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಪೂರ್ವಕವಿಗಳಲ್ಲಿ ಶಾಪಕ್ಕೆ ಅವಧಿಯುಂಟು, ಯಕ್ಷನಿಗೆ ಒಂದು ವರ್ಷ. ಸಾಲಕ್ಕೆ ಅವಧಿಯಿಲ್ಲ. ಹೀಗೆ ಶೃಂಗಾರವಾಗಿ ಮೊದಲಾದುದು ಕರುಣಕ್ಕೆ ತಿರುಗಿ, ಆ ಕರುಣವೂ ಕಣ್ಣೀರಿಗೆ ಎಡೆಗೊಡದೆ ಊರಿನ ದಿನಗೆಲಸದಲ್ಲಿ ಅಡಗಿಕೊಳ್ಳುತ್ತದೆ. ವಿಭಾವ, ಅನುಭಾವಗಳು ಇಷ್ಟು ಸ್ಪಷ್ಟವಾಗಿ ಇರುವ ಕೃತಿಯನ್ನು ಕೇವಲ ದಾಖಲೆಯೆಂದು ಹೇಳುವವರು, ಕುಂಬಾ ಧಾನ್ಯವನ್ನು ಕುಟ್ಟುವುದನ್ನು ನೋಡಿದರೇ ಹೊರತು ಕಾಯುವುದನ್ನು ನೋಡಲಿಲ್ಲ. ಪೂರ್ವಪಕ್ಷಕ್ಕೆ ನಮ್ಮ ಉತ್ತರವು ಇದೇ.

ದೋಷವಿಲ್ಲವೆಂದಲ್ಲ. ಓಲೆಯ ಧ್ವನಿಯು ಕೆಲವೆಡೆ, ಚಿತ್ರವು ಆಗಲೇ ತೋರಿದುದನ್ನು ಮತ್ತೆ ಹೇಳಿ ಪುನರುಕ್ತಿಗೆ ಒಳಗಾಗುತ್ತದೆ. ಡಾಕರಿನ ಭಾಗವು ಊರಿನ ಭಾಗದಷ್ಟು ಒಳಹೊಕ್ಕು ನೋಡಿದುದಲ್ಲ. ಅಲ್ಲಿಯ ಒಡೆಯರು ಮನುಷ್ಯರಾಗಿ ಕಾಣದೆ ಗುರುತುಗಳಾಗಿಯೇ ಉಳಿಯುತ್ತಾರೆ. ಮೂವರ ಸಣ್ಣ ತಂಡವು ಅಲ್ಪಧನದಿಂದ ಮಾಡಿದ ಕೃತಿಯೆಂಬುದು ಇದಕ್ಕೆ ಸಮಾಧಾನವಾಗಬಹುದು; ನಮಗೆ ಪೂರ್ತಿ ಸಮಾಧಾನವಿಲ್ಲ. ಆದರೆ ಫಾಯ್ ಅವರ ಅಜ್ಜನವರು ಇದರಲ್ಲಿ ಕಾಣಿಸಿಕೊಂಡು, ಚಿತ್ರಗ್ರಹಣವು ಮುಗಿದ 11 ದಿನಗಳಿಗೆ ತೀರಿಕೊಂಡರೆಂಬುದನ್ನೂ ಕೃತಿಯು ಅವರಿಗೇ ಅರ್ಪಿತವಾಗಿರುವುದನ್ನೂ ತಿಳಿದ ಮೇಲೆ ಮುದುಕರ ಗೋಷ್ಠಿಯನ್ನು ಮತ್ತೊಮ್ಮೆ ನೋಡಿದೆವು. ಆಗ ಈ ದೋಷಗಳನ್ನು ಎಣಿಸುವ ಮನಸ್ಸು ಕಡಮೆಯಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಈ ಚಿತ್ರಕ್ಕೆ ಫ್ರಾನ್ಸಿನ ಜಾರ್ಜ್ ಸಾದೂಲ್ ಪಾರಿತೋಷಿಕವೂ, 1976ರ ಬರ್ಲಿನ್ ಉತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಸಂಘದ ಪಾರಿತೋಷಿಕವೂ ಬಂದುವು. ಸ್ವದೇಶದಲ್ಲಿ ಮೊದಲು ಬಂದುದು ಪ್ರತಿಬಂಧ. ಆಗ್ಗೆ ಸೆನೆಗಲ್ಲಿನ ಅಧ್ಯಕ್ಷಪದವಿಯಲ್ಲಿದ್ದವರು ಲೆಯೊಪೋಲ್ಡ್ ಸೆಡಾರ್ ಸೆಂಗೋರ್. ತಾವೇ ಸೆರೆರ್ ವಂಶದವರು, ಅದೇ ಕರಾವಳಿಯ ಜೋಅಲ್ ಊರಿನಲ್ಲಿ ಜನಿಸಿದವರು, ಫ್ರೆಂಚ್ ಭಾಷೆಯ ಮಹಾಕವಿಗಳೆನಿಸಿದವರು. ಕವಿಯು ಆಳುವ ರಾಜ್ಯದಲ್ಲಿ, ಕವಿಯ ಕುಲದ ಹಳ್ಳಿಯಿಂದ ಬಂದ ಓಲೆಯು ರಾಜದ್ವಾರದಲ್ಲಿ ತಡೆಯಲ್ಪಟ್ಟಿತು. ಮುದುಕರು ಆಡಿದ ಮಾತಿನಲ್ಲಿ ಹೊಸದೇನೂ ಇರಲಿಲ್ಲ. ಪ್ರತಿ ಸಂಜೆಯೂ ಮರದಡಿಯಲ್ಲಿ ಆಡುತ್ತಿದ್ದುದೇ. ಮಾತಾಗಿದ್ದಾಗ ಯಾರೂ ತಡೆಯಲಿಲ್ಲ, ಪತ್ರವಾದ ಕೂಡಲೆ ತಡೆದರು.

1979ರ ‘ಫಾದ್ಯಾಲ್’ ಚಿತ್ರಕ್ಕೆ ಊರಿನ ಹೆಸರೇ ಹೆಸರು. ಆ ವರ್ಷ ಕಾನ್ ಉತ್ಸವದಲ್ಲಿ ‘ಅನ್ ಸರ್ತೆನ್ ರೆಗಾರ್’ ವಿಭಾಗದಲ್ಲಿ ಪ್ರದರ್ಶಿತವಾಯಿತು. ಇದರ ಆರಂಭವು ನಮಗೆ ಬಲು ಹಿಡಿಸಿತು. ಶಾಲೆಯಲ್ಲಿ ಸೆರೆರ್ ಮಕ್ಕಳು ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯ ಹಿರಿಮೆಯನ್ನು ಗಟ್ಟಿಯಾಗಿ ಒಪ್ಪಿಸುತ್ತಾರೆ. ಆಮೇಲೆ ಅದೇ ಊರಿನಲ್ಲಿ ಮಕ್ಕಳು ಅಜ್ಜನ ಸುತ್ತ ಕುಳಿತು ತಮ್ಮ ಊರು ಹೇಗೆ ಹುಟ್ಟಿತೆಂದು ಕೇಳುತ್ತಾರೆ. ಸ್ತ್ರೀಯೊಬ್ಬಳು ಬಂದು ಈ ಊರನ್ನು ಕಟ್ಟಿದಳೆಂಬ ವೃತ್ತಾಂತವು ಮೊದಲಾಗುತ್ತದೆ. ಎರಡು ಪಾಠಗಳೂ ಬಾಯಿಪಾಠಗಳೇ. ಒಂದರಲ್ಲಿ ಮಕ್ಕಳು ಒಪ್ಪಿಸುತ್ತಾರೆ, ಇನ್ನೊಂದರಲ್ಲಿ ಕೇಳುತ್ತಾರೆ.

ಮಾಲಿ ದೇಶದ ವಿದ್ವಾಂಸರಾದ ಅಮದು ಹಂಪಾತೆ ಬಾ ಅವರು ಆಫ್ರಿಕದಲ್ಲಿ ವೃದ್ಧನೊಬ್ಬನ ಮರಣವನ್ನು ಪುಸ್ತಕಭಂಡಾರದ ದಹನಕ್ಕೆ ಹೋಲಿಸಿರುವುದು ಲೋಕವಿದಿತ. ಫಾಯ್ ಅವರು ಆ ಮಾತನ್ನು ಈ ಚಿತ್ರದ ತಲೆಯಲ್ಲಿ ಇಟ್ಟಿದ್ದಾರೆ. ಮಾತು ಹೃದಯಂಗಮವಾದುದು, ಆದರೆ ಗುರುಮುಖದಿಂದ ಪಾಠವನ್ನು ಕೇಳಿ ಬೆಳೆದ ನಮ್ಮಂಥವರಿಗೆ ಉಪಮಾನವು ಉಪಮೇಯಕ್ಕಿಂತ ಕಡಮೆಯದೆಂದು ತೋರುತ್ತದೆ. ಭಂಡಾರವು ಕೇಳಿದವನಿಗೆ ಕೇಳಿದುದನ್ನು ಮಾತ್ರ ಕೊಡುತ್ತದೆ. ವೃದ್ಧನು ಕೇಳಿದವನ ವಯಸ್ಸನ್ನು ನೋಡಿ ಹೇಳುತ್ತಾನೆ, ಇಂದು ಬೇಡವೆನ್ನುತ್ತಾನೆ, ನಾಳೆ ತಾನೇ ಕರೆದು ಹೇಳುತ್ತಾನೆ. ‘ಫಾದ್ಯಾಲ್’ ಚಿತ್ರವು ತನ್ನ ತಲೆಬರಹಕ್ಕಿಂತ ಹೆಚ್ಚು ಬಲ್ಲುದು. ಏಕೆಂದರೆ ಇಲ್ಲಿ ಚರಿತ್ರೆಯು ಜಡವಾದ ನಿಧಿಯಾಗಿ ಬರದೆ ಜಗಳದ ಆಧಾರವಾಗಿ ಬರುತ್ತದೆ. 1964ರ ಶಾಸನದಿಂದ ಹಳ್ಳಿಯ ಭೂಮಿಯು ರಾಷ್ಟ್ರದ ಆಸ್ತಿಯೆಂದು ಪರಿಗಣಿತವಾಗಿದ್ದಿತು. ನೆಲವು ಯಾರದೆಂಬ ಪ್ರಶ್ನೆಯು ಊರಿನವರ ಮುಂದೆ ನಿಂತಿರುವಾಗ, ಈ ನೆಲವನ್ನು ಮೊದಲು ತುಳಿದವರು ಯಾರು ಎಂಬ ಕಥೆಯು ಕಾಲಕ್ಷೇಪದ ಪುರಾಣವಲ್ಲ, ಸಾಕ್ಷ್ಯ. ಫಾದ್ಯಾಲ್ ಎಂಬ ಹೆಸರಿನಲ್ಲಿಯೇ ಬರುವುದು, ದುಡಿಯುವುದು ಎಂಬ ಅರ್ಥಗಳಿವೆಯೆಂದು ಫಾಯ್ ಅವರು ಹೇಳುತ್ತಿದ್ದರು. ಬಂದು ದುಡಿದವರದೇ ನೆಲವೆಂಬ ವಾದವು ಹೆಸರಿನೊಳಗೇ ಅಡಗಿದೆ. ಜನನ, ಮರಣ, ಸುಗ್ಗಿ ಇವುಗಳ ದೃಶ್ಯಗಳು ಕೆಲವರಿಗೆ ದೀರ್ಘವೆಂದು ತೋರಬಹುದು. ಪುರಾಣವನ್ನು ಕೇಳುವ ತಾಳ್ಮೆಯಿರುವವರಿಗೆ ತೋರದು.

ಈ ಎರಡರ ನಡುವೆಯೂ ಅನಂತರವೂ ಬಂದ ಸಣ್ಣ ಚಿತ್ರಗಳು ಹಲವು. ಪ್ಯಾರಿಸ್ಸಿನಲ್ಲಿ ಪರದೇಶದವರು ನಡೆಸುವ ಭೋಜನಶಾಲೆಗಳನ್ನು ಕುರಿತ 1984ರ ಚಿತ್ರವು ಹೆಸರಿನಲ್ಲಿಯೇ ಅವುಗಳನ್ನು ಅನ್ನವಿಕ್ಕುವ ರಾಯಭಾರ ಕಚೇರಿಗಳೆಂದು ಕರೆದು ರಸಿಕತೆಯನ್ನು ತೋರುತ್ತದೆ. ಇವುಗಳಲ್ಲಿ 1983ರ ‘ಸೆಲ್ಬೆ’ ಒಂದನ್ನು ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಸೆಲ್ಬೆಗೆ 39 ವರ್ಷ, ಎಂಟು ಮಕ್ಕಳು. ಗಂಡನು ಕೆಲಸವನ್ನು ಹುಡುಕಿಕೊಂಡು ಪಟ್ಟಣಕ್ಕೆ ಹೋಗಿದ್ದಾನೆ. ಫಾಯ್ ಅವರು ಪ್ರಶ್ನೆಗಳನ್ನು ಕೇಳುತ್ತಾರೆ. ಸೆಲ್ಬೆ ಕೈಗೆಲಸವನ್ನು ನಿಲ್ಲಿಸದೆ ಉತ್ತರ ಹೇಳುತ್ತಾಳೆ. ಇವಳು ಲಕ್ಷಣಕ್ಕೆ ಅಕ್ಷರಶಃ ಹೊಂದುವ ಪ್ರೋಷಿತಭರ್ತೃಕೆ. ನಮ್ಮ ಕವಿಗಳ ನಾಯಿಕೆಯು ಕೆದರಿದ ಮುಡಿಯಿಂದ, ಸಡಿಲವಾದ ಬಳೆಯಿಂದ ವಿರಹವನ್ನು ಪ್ರಕಟಿಸುತ್ತಾಳೆ. ಸೆಲ್ಬೆಗೆ ಕೃಶಳಾಗಿ ಮಲಗಲು ಹೊತ್ತಿಲ್ಲ, ಎಂಟು ಬಾಯಿಗಳಿವೆ. ಗಂಡನು ಬಾರದುದಕ್ಕೆ ಅವಳು ಅಳುವುದಿಲ್ಲ, ಲೆಕ್ಕ ಹೇಳುತ್ತಾಳೆ. ಶಾಸ್ತ್ರಕಾರರು ಇಂಥವಳನ್ನು ಕಂಡಿರಲಿಲ್ಲವೆಂದು ಹೇಳಲಾರೆವು. ಕಂಡಿದ್ದರೂ ನಾಯಿಕೆಯೆಂದು ಎಣಿಸಲಿಲ್ಲ. ಅಲಂಕಾರಶಾಸ್ತ್ರವನ್ನು ಮೂವತ್ತು ವರ್ಷ ಪಾಠ ಹೇಳಿದ ಮೇಲೆ ಅರ್ಧಗಂಟೆಯ ಚಿತ್ರವೊಂದರಿಂದ ಈ ಮಾತು ನಮಗೆ ಹೊಳೆಯಿತು.

ಕೊನೆಯ ಕೃತಿಯಾದ ‘ಮೊಸ್ಸಾನ್’ ಚಿತ್ರದ ಗ್ರಹಣವು 1990ರ ಸುಮಾರಿಗೇ ನಡೆದಿದ್ದರೂ ನಿರ್ಮಾಣದ ಹಕ್ಕಿನ ವ್ಯಾಜ್ಯದಲ್ಲಿ ಸಿಕ್ಕಿ, 1996ರಲ್ಲಿ ಮಾತ್ರ ಬೆಳಕನ್ನು ಕಂಡು ಕಾನ್ ಉತ್ಸವಕ್ಕೆ ಬಂದಿತು. ಜರ್ಮನಿಯ ಯುರ್ಗೆನ್ ಯುರ್ಗೆಸ್ ಅವರ ಛಾಯಾಗ್ರಹಣ, ಸೆರೆರ್ ಗಾಯಕಿ ಯಾಂದೆ ಕೊದು ಸೇನ್ ಅವರ ಕಂಠ. ನೋಡುವುದಕ್ಕೂ ಕೇಳುವುದಕ್ಕೂ ಇದು ಉಳಿದೆಲ್ಲವುಗಳಿಗಿಂತ ಸಮೃದ್ಧವಾದುದು. ಹದಿನಾಲ್ಕು ವರ್ಷದ ಮೊಸ್ಸಾನ್ ಅಪ್ರತಿಮ ಸುಂದರಿ. ಹೆಸರಿನ ಅರ್ಥವೇ ಸೌಂದರ್ಯ. ಹುಟ್ಟಿದಾಗಲೇ ಅವಳನ್ನು ದಿಯೊಗೊಯ್ ಎಂಬವನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಅವನೀಗ ಫ್ರಾನ್ಸಿನಲ್ಲಿ ದುಡಿದು ಧನವನ್ನು ಕಳುಹಿಸುತ್ತಾನೆ. ಅವಳ ಮನಸ್ಸು ನೆಟ್ಟಿರುವುದು ಫಾರಾ ಎಂಬ ಬಡ ವಿದ್ಯಾರ್ಥಿಯಲ್ಲಿ. ವರನಿಲ್ಲದೆಯೇ ವಿವಾಹವು ನಡೆಯಬೇಕೆನ್ನುವಾಗ ಅವಳು ಎಲ್ಲರ ಮುಂದೆ ಒಲ್ಲೆನೆನ್ನುತ್ತಾಳೆ, ಓಡಿಹೋಗುತ್ತಾಳೆ, ನೀರಿನ ಪಾಲಾಗುತ್ತಾಳೆ. ಇದೆಲ್ಲಕ್ಕೂ ಹಿಂದೆ ಒಂದು ಐತಿಹ್ಯವಿದೆ: ಇನ್ನೂರು ವರ್ಷಗಳಿಗೊಮ್ಮೆ ಇಂಥ ಚೆಲುವೆ ಹುಟ್ಟುವಳು, ಪಂಗೂಲ್ ಎಂಬ ಪಿತೃದೇವತೆಗಳು ಅವಳನ್ನು ತಮ್ಮವಳನ್ನಾಗಿ ಮಾಡಿಕೊಳ್ಳುವರು.

ಇದೇ ಅವರ ಸರ್ವೋತ್ತಮ ಕೃತಿಯೆನ್ನುವವರು ಉಂಟು. ನಾವು ಆ ಪಕ್ಷದವರಲ್ಲ, ಕಾರಣವನ್ನು ಹೇಳಬೇಕು. ‘ಕದ್ದು ಬೇಯ್ಕತ್’ ಚಿತ್ರದಲ್ಲಿ ಶಪಿಸಿದವನು ಕಾಣದೆ ಶಾಪವು ಮಾತ್ರ ಇತ್ತು. ಅದನ್ನು ಹುಡುಕುವ ಕೆಲಸವು ನೋಡುವವನ ಪಾಲಿಗೆ ಬಂದಿತು. ನೆಲಗಡಲೆ, ಸಾಲ, ತೆರಿಗೆ ಎಂದು ಹುಡುಕುತ್ತ ಹೋದಂತೆ ಕೃತಿಯು ಬೆಳೆಯಿತು. ‘ಮೊಸ್ಸಾನ್’ ಚಿತ್ರದಲ್ಲಿ ದೇವತೆಗಳು ಆರಂಭದಲ್ಲಿಯೇ ಬಂದು ಹೊಣೆಯನ್ನು ತಾವು ಹೊರುತ್ತಾರೆ. ತಾಯಿತಂದೆಗಳ ಲೋಭ, ಪರದೇಶದ ಹಣ, ಎಳೆಯ ಹುಡುಗಿಯ ನಿಷೇಧ ಇವೆಲ್ಲವೂ ಇದ್ದೂ, ಹೇಗೂ ಅವಳು ಸಾಯಬೇಕಾದವಳೇ ಎಂಬ ಭಾವವು ಅವುಗಳ ಹರಿತವನ್ನು ಮೊಂಡುಮಾಡುತ್ತದೆ. ಅವಳು ಒಲ್ಲೆನೆಂದುದು ಅವಳ ಪೌರುಷವೋ, ದೇವತೆಗಳ ಸಂಕಲ್ಪವೋ? ಎರಡೂ ಎಂದರೆ ಎರಡೂ ಅರ್ಧವಾದುವು. ಐತಿಹ್ಯವನ್ನು ತೆಗೆದುಹಾಕಿದರೆ ಚಿತ್ರದ ಶೋಭೆ ಹೋಗುವುದೆಂಬುದನ್ನು ಬಲ್ಲೆವು. ಇಟ್ಟುಕೊಂಡುದರಿಂದ ಆ ‘ಒಲ್ಲೆ’ ಎಂಬ ಮಾತಿನ ತೂಕವು ಕಡಮೆಯಾಯಿತೆಂಬುದೇ ನಮ್ಮ ಆಕ್ಷೇಪ.

ಹಾಗಿದ್ದರೂ ಇದನ್ನು ಹಿಂದಿನ ಕೃತಿಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಬೇರೊಂದು ಸಂಗತಿಯು ಎದ್ದು ಬರುತ್ತದೆ. 1975ರಲ್ಲಿ ಙ್ಗೋರನು ಡಾಕರಿಗೆ ಹೋಗಿ ಬರಿಗೈಯಲ್ಲಿ ಬಂದನು. 1983ರಲ್ಲಿ ಸೆಲ್ಬೆಯ ಗಂಡನು ಪಟ್ಟಣದಲ್ಲಿದ್ದನು. ದಿಯೊಗೊಯ್ ಮತ್ತೂ ದೂರ, ಫ್ರಾನ್ಸಿಗೇ ಹೋಗಿದ್ದಾನೆ. ಅವನು ಮಾತ್ರ ಗೆದ್ದಿದ್ದಾನೆ. ಆದರೆ ಗೆದ್ದವನು ಚಿತ್ರದಲ್ಲಿ ಮುಖವನ್ನೇ ತೋರುವುದಿಲ್ಲ, ಅವನ ಹಣವು ಮಾತ್ರ ಬರುತ್ತದೆ. ಙ್ಗೋರನಿಗೆ ಹಣವಿಲ್ಲದೆ ತಪ್ಪಿದ ಮದುವೆಯನ್ನು ಇಲ್ಲಿ ಹಣವೊಂದೇ ಬಂದು ನಡೆಸಲು ನೋಡುತ್ತದೆ. ಕುಂಬಾ ಕಾದಳು, ಸೆಲ್ಬೆ ಕಾಯಲು ಹೊತ್ತಿಲ್ಲದೆ ದುಡಿದಳು, ಮೊಸ್ಸಾನ್ ಪ್ರೋಷಿತಭರ್ತೃಕೆಯಾಗುವುದನ್ನೇ ನಿರಾಕರಿಸಿದಳು. ಒಂದೇ ಅವಸ್ಥೆಯನ್ನು ಇಪ್ಪತ್ತು ವರ್ಷಗಳ ಕಾಲ ಮೂರು ಕಡೆಗಳಿಂದ ನೋಡಿದವರನ್ನು ದಾಖಲೆಕಾರರೆಂದು ಕರೆಯಲು ನಮ್ಮ ನಾಲಗೆ ಏಳದು.

ಊರನ್ನು ಬಿಟ್ಟು ಹೋದವರ ಪಂಕ್ತಿಯಲ್ಲಿ ಮೊದಲನೆಯವರು ಫಾಯ್ ಅವರೇ ಎಂಬುದನ್ನೂ ಇಲ್ಲಿ ಹೇಳಬೇಕಾಗಿದೆ. ಪ್ಯಾರಿಸ್ಸಿನ ಬೀದಿಯಲ್ಲಿ ನಡೆದ ಆ ಯುವತಿಯು ಅಜ್ಜನ ಊರಿಗೆ ಮತ್ತೆ ಮತ್ತೆ ಹೋದಳು. ಹೋದಾಗಲೆಲ್ಲ ಅತಿಥಿಯಾಗಿಯೂ ಮಗಳಾಗಿಯೂ ಹೋದಳು. ಮೇಘದೂತದಲ್ಲಿ ಅಗಲಿದವನು ಊರಿಗೆ ಸಂದೇಶವನ್ನು ಕಳುಹಿಸುತ್ತಾನೆ. ಇಲ್ಲಿ ಊರು ಸಂದೇಶವನ್ನು ಕಳುಹಿಸುತ್ತದೆ, ಅಗಲಿದವಳು ಅದನ್ನು ಹೊರುವ ಮೇಘವಾಗುತ್ತಾಳೆ. ಹಾಗೆ ಹೊತ್ತವಳ ಕಂಠವು ‘ಕದ್ದು ಬೇಯ್ಕತ್’ ಚಿತ್ರದಲ್ಲಿ ಫ್ರೆಂಚಿನಲ್ಲಿ ಕೇಳುತ್ತದೆ, ‘ಸೆಲ್ಬೆ’ ಚಿತ್ರದಲ್ಲಿ ಪ್ರಶ್ನೆಯಾಗಿ ಕೇಳುತ್ತದೆ. ‘ಮೊಸ್ಸಾನ್’ ಚಿತ್ರದಲ್ಲಿ ಪಾತ್ರಗಳೆಲ್ಲರೂ ಸೆರೆರ್ ಭಾಷೆಯಲ್ಲಿಯೇ ಮಾತಾಡುತ್ತಾರೆ. ಓಲೆಯನ್ನು ಓದುವ ಆ ಹಳೆಯ ಕಂಠವಿಲ್ಲ, ಯಾಂದೆ ಕೊದು ಸೇನ್ ಅವರ ಹಾಡು ಮಾತ್ರ ಇದೆ. ಇದಾದ ಮೇಲೆ ಫಾಯ್ ಅವರು ಇಪ್ಪತ್ತಾರು ವರ್ಷಗಳಿಗೂ ಮಿಕ್ಕು ಬದುಕಿದ್ದರು. ಬೇರೆ ಚಿತ್ರವನ್ನು ಮಾಡಲಿಲ್ಲ.